ಗೋವಾದಿಂದ ತಂದ ಕಡೆಯ ಓವರು

ಹಳಿಯಾಳ

ಪರದೇಶಕ್ಕೆ ಹೋಗಿ ಬಂದವರು ಹಡಗು ಹತ್ತಿದ್ದು, ವಾಂತಿ ಮಾಡಿಕೊಂಡದ್ದು, ಆಮೇಲೆ ಮುಗಿಲೆತ್ತರದ ಕಟ್ಟಡ ಕಂಡು ಬಾಯಿ ಬಿಟ್ಟದ್ದು ಎಲ್ಲಾ ಬರೆಯುತ್ತಾರೆ. ನನ್ನ ಪರದೇಶಕ್ಕೆ ಹಡಗು ಬೇಕಿಲ್ಲ. ಹಳಿಯಾಳದಲ್ಲಿ ಲಾರಿ ಹತ್ತಿ, ಕಾಡು ದಾಟಿ, ರೈಲಿನಲ್ಲಿ ಘಟ್ಟ ಇಳಿದರೆ ಅದೇ ಪರದೇಶ. ನಮ್ಮಲ್ಲಿಂದ ಇಂಗ್ಲಿಷರು ಗಂಟುಮೂಟೆ ಕಟ್ಟಿಯಾಗಿತ್ತು. ಗೋವಾದಲ್ಲಿ ಪೋರ್ತುಗೀಜರು ಇನ್ನೂ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ನೆಲದಲ್ಲಿ ನಡೆದ ಮೊದಲ ಟೆಸ್ಟ್ ಸರಣಿಯ ಕಡೆಯ ಆಟದ ಹೊತ್ತಿಗೆ ಸರಿಯಾಗಿ ನಾನು ಅಲ್ಲಿಗೆ ಹೋಗಬೇಕಾಯಿತು. ಇಷ್ಟಪಟ್ಟು ಹೋದೆ ಅಂತ ಯಾರೂ ತಿಳಿಯಬಾರದು.

ಊರಲ್ಲಿ ನನ್ನನ್ನು ರಾಯರು ಅನ್ನುತ್ತಾರೆ. ಹಗಲು ಸರಕಾರಿ ಕಾರಕೂನ. ಆದರೆ ನನ್ನ ನಿಜವಾದ ಉದ್ಯೋಗ ಶುರುವಾಗುತ್ತಿದ್ದದ್ದು ಸಂಜೆ, ಬಸ್ಸು ನಿಲ್ಲುವ ಜಾಗದ ಪಕ್ಕದ ಫಕ್ಕೀರಪ್ಪನ ಚಹಾದ ಅಂಗಡಿಯಲ್ಲಿ. ಮುಂಬೈಯ ಇಂಗ್ಲಿಷ್ ಪತ್ರಿಕೆ ರೈಲಿನಲ್ಲಿ ಅಳ್ನಾವರಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಮ್ಮೂರಿಗೆ ಬರುವಷ್ಟರಲ್ಲಿ ಆಟ ಆಡಿ ಎರಡು ದಿನವಾಗಿರುತ್ತಿತ್ತು. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿ, ಆಟದ ವರದಿಯನ್ನು ಸಾಲುಸಾಲಾಗಿ ಕನ್ನಡ ಮಾಡಿ ಓದುತ್ತಿದ್ದೆ. ಊರಲ್ಲಿ ರೇಡಿಯೋ ಇದ್ದದ್ದು ಒಬ್ಬ ವಕೀಲರ ಮನೆಯಲ್ಲಿ. ಅವರಿಗೆ ಕ್ರಿಕೆಟ್ ಅಂದರೆ ಆಗಿಬರುತ್ತಿರಲಿಲ್ಲ.

ನಮ್ಮಲ್ಲಿ ಒಂದು ಕಟ್ಟು ಇತ್ತು. ಪತ್ರಿಕೆ ಓದುವವರೆಗೆ ಆಟ ನಡೆದೇ ಇಲ್ಲ. ಮುಂಬೈಯಲ್ಲಿ ಔಟಾದವನು ಹಳಿಯಾಳದಲ್ಲಿ ಇನ್ನೂ ಎರಡು ದಿನ ಆಡುತ್ತಿದ್ದ. ಧಾರವಾಡದಿಂದಲೋ ಹುಬ್ಬಳ್ಳಿಯಿಂದಲೋ ಬಂದವರಿಗೆ ಸುದ್ದಿ ಗೊತ್ತಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಕೂಡಬೇಕು. ಬಾಯಿ ಬಿಟ್ಟವನು ಅಂಗಡಿಯಲ್ಲಿದ್ದ ಎಲ್ಲರಿಗೂ ಚಹಾ ಕುಡಿಸಬೇಕು. ಈ ಕಟ್ಟು ಮಾಡಿದವನು ನಾನೇ. ಎಂದೋ ಮುಗಿದುಹೋದ ಆಟಕ್ಕಾಗಿ ಜನ ಹಣಮಪ್ಪನಿಗೆ ಕಾಯಿ ಒಡೆಸುತ್ತಿದ್ದರು. ಅದು ಫಲಿಸಿದ್ದೂ ಉಂಟು.

ಹೀಗೆ ಸುಖವಾಗಿದ್ದೆ. ಅಷ್ಟರಲ್ಲಿ ಗೌಸ್‌ಸಾಹೇಬರು ಮುಂಬೈಗೆ ಹೋಗಿ ಬಂದರು.

ಗೌಸ್‌ಸಾಹೇಬರು ದಾಂಡೇಲಿಯ ಕಟ್ಟಿಗೆ ವ್ಯಾಪಾರಿ. ಸಂಜೆ ತಮ್ಮದೇ ಲಾರಿಯಲ್ಲಿ ಹಳಿಯಾಳಕ್ಕೆ ಬಂದು, ನನ್ನ ಓದು ಕೇಳಿ, ತಲೆದೂಗಿ ಹೋಗುತ್ತಿದ್ದ ಮನುಷ್ಯ. ಡಿಸೆಂಬರಿನಲ್ಲಿ ವ್ಯಾಪಾರಕ್ಕೆ ಅಂತ ಮುಂಬೈಗೆ ಹೋದವರು ಅಲ್ಲಿ ವೆಸ್ಟ್ ಇಂಡೀಸಿನವರ ಟೆಸ್ಟನ್ನು ಕಣ್ಣಾರೆ ನೋಡಿಕೊಂಡು ಬಂದುಬಿಟ್ಟರು! ನಮ್ಮ ನಾಲ್ಕೂ ಊರಲ್ಲಿ, ದಾಂಡೇಲಿ ಹಳಿಯಾಳ ಜೋಯಿಡಾ ಮುಂಡಗೋಡದಲ್ಲಿ ದೀಪ ಹಿಡಿದು ಹುಡುಕಿದರೂ, ಟೆಸ್ಟ್ ಆಟ ನೋಡಿದ ಇನ್ನೊಬ್ಬ ಸಿಗುತ್ತಿರಲಿಲ್ಲ. ನಾನೂ ನೋಡಿರಲಿಲ್ಲ. ಆ ಮಾತು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಅವರು ಬಂದ ಮೊದಲ ಸಂಜೆ ನಾನು "ಚೆಂಡನ್ನು ಸೊಗಸಾಗಿ ತಳ್ಳಿ ಬೌಂಡರಿಗೆ ಕಳಿಸಿದ" ಅಂತ ಓದಿದೆ.

"ಅರೇ ರಾಯರ, ತಳ್ಳೂದಲ್ರಿ ಅದು!" ಗೌಸ್‌ಸಾಹೇಬರು ಎದ್ದು ನಿಂತರು. ಕೈಯಲ್ಲಿ ತೊಲೆ ಅಳೆಯುವ ಕೋಲು ಇತ್ತು. "ಹಿಂಗ ಕಾಲು ಮುಂದ. ಹಿಂಗ ಮೊಣಕೈ ಮ್ಯಾಲ. ಆಮ್ಯಾಲ ನೋಡ್ರಿ, ಸುಂಯ್!"

ಕೋಲು ಸುಂಯ್ ಅಂದಿತು. ಫಕ್ಕೀರಪ್ಪನ ಗಲ್ಲಾಪೆಟ್ಟಿಗೆಯ ಮೇಲಿದ್ದ ಬಿಸ್ಕೀಟಿನ ಭರಣಿ ಉಳಿದದ್ದೇ ಹೆಚ್ಚು. ಇಡೀ ಅಂಗಡಿ "ಆಹಾ" ಅಂದಿತು. ನನ್ನ ಓದಿಗೆ ಜನ ತಲೆದೂಗಿದ್ದರು, ನಾಲಿಗೆ ಲೊಚಗುಟ್ಟಿದ್ದರು, "ಆಹಾ" ಅಂದಿರಲಿಲ್ಲ. ಆವತ್ತು ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಶಾಂತಾ, "ಹೊಟ್ಟಿ ಕೆಟ್ಟೈತೇನು?" ಅಂತ ಕೇಳಿದಳು. ಹೌದು ಅಂದೆ. ಅದೇನು ಸುಳ್ಳಲ್ಲ.

ಮೂರು ಟೆಸ್ಟು ಡ್ರಾ ಆಗಿ, ಮದ್ರಾಸಿನದರಲ್ಲಿ ನಮ್ಮವರು ಸೋತಿದ್ದರು. ಉಳಿದದ್ದು ಐದನೆಯದು, ಮತ್ತೆ ಮುಂಬೈಯಲ್ಲಿ. ಅದನ್ನು ಗೆದ್ದರೆ ಸರಣಿ ಸಮ, ಮಾನ ಉಳಿಯುತ್ತದೆ. ಈ ಆಟವನ್ನು ಮಾತ್ರ ಯಾರೂ ನಡುವೆ ಬಾಯಿ ಹಾಕದಂತೆ ಓದಬೇಕು, ನನ್ನ ಕುರ್ಚಿ ನನಗೇ ಉಳಿಯಬೇಕು ಅಂತ ಕನ್ನಡಕದ ಗಾಜು ಸಹ ಹೊಸದು ಹಾಕಿಸಿದ್ದೆ. ಅಷ್ಟರಲ್ಲಿ ಮಡಗಾಂವದಿಂದ ಕರೆ ಬಂತು. ಶಾಂತಾಳ ಅಕ್ಕನ ಮಗನ ಮುಂಜಿ, ಸರಿಯಾಗಿ ಆಟದ ಕಡೆಯ ದಿನ.

"ನೀನು ಹೋಗಿ ಬಾ, ನನಗ ಕಚೇರಿ ಕೆಲಸ ಭಾಳ ಐತಿ" ಅಂದೆ.

"ಫಕ್ಕೀರಪ್ಪನ ಕಚೇರೀನೋ, ಸರಕಾರದ್ದೋ?" ಅಂದಳು ಶಾಂತಾ. ಅಲ್ಲಿಗೆ ಮಾತು ಮುಗಿಯಿತು.

ದಾಂಡೇಲಿ, ಜೋಯಿಡಾ

ನಾವು ಹೊರಡುವ ಸುದ್ದಿ ಕೇಳಿ ಗೌಸ್‌ಸಾಹೇಬರು ಕುಣಿದಾಡಲಿಲ್ಲ. ಕುಣಿದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಅಳ್ನಾವರ ಸುತ್ತಿ ಯಾಕ ಹೋಗ್ತೀರಿ ರಾಯರ? ನಮ್ಮ ಲಾರಿ ಕ್ಯಾಸಲ್‌ರಾಕ್ ಟೇಸನ್ನಿಗೆ ಹೊಂಟೈತಿ. ಬಾಯಿಯವರನ್ನ ಮುಂದ ಕೂಡಸ್ರಿ" ಅಂದರು. ದಾಂಡೇಲಿಯಲ್ಲಿ ತಮ್ಮ ಮನೆಯ ಮುಂದೆಯೇ ಲಾರಿ ನಿಲ್ಲಿಸಿ, ಶಾಂತಾಳಿಗೆ ಒಂದು ಬುಟ್ಟಿ ಬಾಳೆಹಣ್ಣು, ಮುಂಜಿಯ ಹುಡುಗನಿಗೆ ಒಂದು ಕ್ರಿಕೆಟ್ ಚೆಂಡು ಕೊಟ್ಟರು. ಮುಂಬೈಯಿಂದ ತಂದದ್ದು, ಕೆಂಪಗೆ ದಾಳಿಂಬೆ ಇದ್ದ ಹಾಗಿತ್ತು. ಅಂಥ ಚೆಂಡನ್ನು ನಾನು ಆವರೆಗೆ ಕೈಯಲ್ಲಿ ಹಿಡಿದಿರಲಿಲ್ಲ.

"ನೀವು ನಿಶ್ಚಿಂತಿಲೇ ಹೋಗಿ ಬರ್ರಿ. ಇಲ್ಲಿ ಆಟ ನಾ ನೋಡ್ಕೋತೇನಿ" ಅಂದರು.

"ಪತ್ರಿಕೆ ಇಂಗ್ಲಿಷಿನ್ಯಾಗ ಇರ್ತೈತಲ್ರಿ ಸಾಹೇಬ್ರ, ಹೆಂಗ ಓದ್ತೀರಿ?" ಅಂತ ಆದಷ್ಟು ಮೆತ್ತಗೆ ಕೇಳಿದೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೆಸರು, ಅಂಕಿ ಕೂಡಿಸಿ ಓದುತ್ತಾರೆ, ಅಷ್ಟೇ.

"ರನ್ನು ಗೊತ್ತಾದ್ರ ಸಾಕಲ್ರಿ. ಹೆಂಗ ಹೊಡದಾರ ಅನ್ನೂದು ನಾ ನೋಡೇನಲ್ಲ!" ಅಂದು ನಕ್ಕರು.

ಅಂದರೆ ಬರೀ ಅಂಕಿ ಓದಿ, ಉಳಿದದ್ದನ್ನು ತಮ್ಮ ತಲೆಯಿಂದ ಆಡಿ ತೋರಿಸುತ್ತಾರೆ! ಪತ್ರಿಕೆಯಲ್ಲಿ ಇಲ್ಲದ ಹೊಡೆತ ಹೊಡೆಯುತ್ತಾರೆ! ವರದಿಯಲ್ಲಿ ಒಂದು ಶಬ್ದಕ್ಕೆ ಕನ್ನಡ ಸಿಗದೆ ನಾನು ಎಷ್ಟೋ ಸಲ ಬೆವರಿದ್ದೇನೆ. ಈ ಪುಣ್ಯಾತ್ಮನಿಗೆ ವರದಿಯೇ ಬೇಡ. ಲಾರಿಯ ಹಿಂದೆ ತೊಲೆಗಳ ಮೇಲೆ ಕೂತು ನಾನು ಇದನ್ನೇ ಜಗಿಯುತ್ತ ಹೋದೆ.

ಜೋಯಿಡಾದಲ್ಲಿ ಲಾರಿಯ ಇಂಜಿನ್ನಿಗೆ ನೀರು ಕುಡಿಸಲು ನಿಲ್ಲಿಸಿದರು. ರಸ್ತೆ ಪಕ್ಕದ ಗುಡಿಸಲಿನಲ್ಲಿ ಒಬ್ಬ ಅಜ್ಜಿ ಕೊಂಕಣಿಯಲ್ಲಿ ಮೊಮ್ಮಗಳನ್ನು ಬೈಯುತ್ತ ಅವಲಕ್ಕಿ ಕುಟ್ಟುತ್ತಿದ್ದಳು. ಇಲ್ಲಾದರೂ ಕ್ರಿಕೆಟ್ಟಿನ ಕಾಟ ಇರಲಿಕ್ಕಿಲ್ಲ ಅಂದುಕೊಂಡು ಡ್ರೈವರನ ಹತ್ತಿರ ಹೋಗಿ ನಿಂತೆ.

ಅವನು ಬೀಡಿ ಹಚ್ಚಿ, "ಏನೇ ಹೇಳ್ರಿ ರಾಯರ, ನಮ್ಮ ಸಾಹೇಬ್ರು ಆಡಿ ತೋರಿಸಿದ್ರ ಮುಂಬೈಗೆ ಹೋಗೂದ ಬ್ಯಾಡ. ನೀವೂ ಛಲೋ ಓದ್ತೀರಿ ಬಿಡ್ರಿ, ನನಗ ಕೇಳ್ತಾ ಕೇಳ್ತಾ ನಿದ್ದಿ ಬರ್ತೈತಿ" ಅಂದ.

ಹೊಗಳಿದೆ ಅಂತಲೇ ಅವನು ತಿಳಿದಿದ್ದ. ಅಲ್ಲಿಂದ ಕ್ಯಾಸಲ್‌ರಾಕಿನವರೆಗೆ ನಾನು ಅವನ ಸಂಗಡ ಮಾತಾಡಲಿಲ್ಲ.

ಘಟ್ಟ ಇಳಿದು ಕೊಳೆಂ

ಕ್ಯಾಸಲ್‌ರಾಕ್ ನಮ್ಮ ಕಡೆಯ ಸ್ಟೇಶನ್ನು. ಅಲ್ಲಿಂದ ರೈಲು ಸುರಂಗ ಹೊಕ್ಕು ಹೊರಬಿದ್ದು, ಮತ್ತೆ ಹೊಕ್ಕು, ಘಟ್ಟ ಇಳಿಯುತ್ತದೆ. ನಡುವೆ ದೊಡ್ಡ ಜಲಪಾತ ಬರುತ್ತದೆ. ಅದರ ಬಗ್ಗೆ ನಾನು ಇಲ್ಲಿ ಒಂದು ಪುಟ ಬರೆಯಬೇಕಿತ್ತು. ಶಾಂತಾ "ನೋಡ್ರಿ, ನೋಡ್ರಿ, ಹಾಲು ಸುರಿದಂಗ ಐತಿ" ಅಂತ ತೋಳು ಹಿಡಿದು ಅಲ್ಲಾಡಿಸಿದಳು. ನಾನು ಆಗ ಫಕ್ಕೀರಪ್ಪನ ಅಂಗಡಿಯಲ್ಲಿದ್ದೆ, ನನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿದ್ದರು. ತಿರುಗಿ ನೋಡುವಷ್ಟರಲ್ಲಿ ಸುರಂಗ ಬಂತು.

ಕೊಳೆಂನಲ್ಲಿ ಪೋರ್ತುಗೀಜರ ತಪಾಸಣೆ. ಎಲ್ಲರೂ ಗಂಟು ಬಿಚ್ಚಿ ಸಾಲಾಗಿ ನಿಲ್ಲಬೇಕು. ನಮ್ಮ ಕಡೆಯ ಪೊಲೀಸ ತಪಾಸಣೆ ಮಾಡುವಾಗ ಬೈಯುತ್ತಾನೆ, ಹಾಗಾಗಿ ಅವನ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುತ್ತದೆ. ಇವರು ಬಾಯಿ ಬಿಡುವುದಿಲ್ಲ. ಮೀಸೆ ತಿದ್ದಿಕೊಂಡ ಒಬ್ಬ ಸಿಪಾಯಿ ಶಾಂತಾಳ ಉಪ್ಪಿನಕಾಯಿ ಭರಣಿ ಮೂಸಿ, ಸೀನಿ, ಪಕ್ಕಕ್ಕಿಟ್ಟ. ಆಮೇಲೆ ಚೆಂಡು ಅವನ ಕೈಗೆ ಸಿಕ್ಕಿತು.

ತೂಗಿ ನೋಡಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮೇಜಿಗೆ ಕುಟ್ಟಿದ. "ಕಿತೆಂ ಹೆಂ?" ಅಂದ, ಏನಿದು ಅಂತ. ಕ್ರಿಕೆಟ್ ಅಂದೆ. ಅವನಿಗೆ ಆ ಶಬ್ದವೇ ಗೊತ್ತಿರಲಿಲ್ಲ. ಆಟದ ಚೆಂಡು ಅಂದೆ. ಅವನು ಅದನ್ನು ನೆಲಕ್ಕೆ ಹಾಕಿ ಬೂಟಿನಿಂದ ಒದ್ದ, ಆಟ ಅಂದರೆ ಅವರಿಗೆ ಒದೆಯುವುದೇ. ಕಾಲ್ಬೆರಳಿಗೆ ಕಲ್ಲು ತಾಗಿದಂತಾಗಿ ಹಲ್ಲು ಕಚ್ಚಿದ. ಇಷ್ಟು ಗಟ್ಟಿ ಇರುವ ಚೆಂಡಿನಿಂದ ಬುದ್ಧಿ ಇದ್ದವರು ಯಾರೂ ಆಡುವುದಿಲ್ಲ, ಒಳಗೆ ಬಂಗಾರ ಇರಲೇಬೇಕು ಅಂತ ಅವನಿಗೆ ಖಾತ್ರಿಯಾಯಿತು. ಚಾಕು ತೆಗೆದು ಹೊಲಿಗೆ ಕುಯ್ದ. ಚರ್ಮ ಬಿಚ್ಚಿತು. ಒಳಗಿನ ದಾರ ಎಳೆದ, ಎಳೆದ, ಮೇಜಿನ ತುಂಬ ದಾರ ಆಯಿತು. ಕಡೆಗೆ ಬಿರಡೆಯಂಥ ಒಂದು ಗುಂಡು ಸಿಕ್ಕಿತು, ಅದನ್ನೂ ಎರಡು ಹೋಳು ಮಾಡಿದ. ಬಂಗಾರ ಇರಲಿಲ್ಲ.

ಶಾಂತಾ "ಅಯ್ಯ, ಸಾಹೇಬ್ರು ಅಷ್ಟು ಪ್ರೀತೀಲೆ ಕೊಟ್ಟಿದ್ರು" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ನಾನೂ ಮುಖ ಸಪ್ಪೆ ಮಾಡಿದೆ. ಒಳಗೆ ಮಾತ್ರ ಮಲ್ಲಿಗೆ ಬಿರಿದಷ್ಟು ಹಿತವಾಗಿತ್ತು. ಗೌಸ್‌ಸಾಹೇಬರ ಮುಂಬೈ ಹೀಗೆ ಚೂರುಚೂರಾಗಿ ಮೇಜಿನ ಮೇಲೆ ಬಿದ್ದದ್ದು ನೋಡಿ, ಆ ಸಿಪಾಯಿಗೆ ಒಂದು ಬಾಳೆಹಣ್ಣು ಕೊಟ್ಟೆ. ಅವನು ಅದನ್ನೂ ಒತ್ತಿ ನೋಡಿಯೇ ತಿಂದ.

ಮಡಗಾಂವ

ನನ್ನ ಷಡ್ಡಕ ರಾಮನಾಥರು ಮಡಗಾಂವದಲ್ಲಿ ಅರಿವೆ ಅಂಗಡಿ ಇಟ್ಟವರು. ಕೆಂಪು ಹಂಚಿನ ಮನೆ, ಮುಂದೆ ಎರಡೂ ಬದಿ ಕಲ್ಲಿನ ಆಸನ ಕಟ್ಟಿದ ಜಗಲಿ. ಅಲ್ಲಿ ಜನ ಮುಖಕ್ಕೆ ಮುಖ ಕೊಟ್ಟು ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾರೆ. ನಮ್ಮಲ್ಲಿ ಕಟ್ಟೆಯ ಮೇಲೆ ಕೂತವರು ಹೋಗುವವರ ಬಗ್ಗೆ ಮಾತಾಡುತ್ತಾರೆ. ಇಲ್ಲಿ ಅವರ ಸಂಗಡವೇ ಮಾತಾಡುತ್ತಾರೆ. ಬೆಳಗಾದರೆ ಭೋಂಪು ಊದುತ್ತ, ಪಾವು ಅನ್ನುವ ಗೋವಾದ ಬ್ರೆಡ್ಡು ಮಾರುವವನು ಬರುತ್ತಾನೆ. ಮಧ್ಯಾಹ್ನವಾದರೆ ಅಂಗಡಿ, ಕ್ಷೌರದವನ ಕತ್ತರಿ, ಕಡೆಗೆ ನಾಯಿಗಳು ಸಹ ಮುಚ್ಚಿ ಮಲಗುತ್ತವೆ. ಊರಿಗೆ ಊರೇ ಗೊರಕೆ ಹೊಡೆಯುವುದನ್ನು ನಾನು ಅಲ್ಲೇ ಮೊದಲು ಕೇಳಿದ್ದು. ಹಳಿಯಾಳದ ಕಾರಕೂನ ಮೇಜಿನ ಮೇಲೆ ತಲೆ ಇಟ್ಟರೆ ಅಪರಾಧ. ಇಲ್ಲಿ ಅದು ಮರ್ಯಾದೆಯ ಲಕ್ಷಣ.

ಆ ನಿದ್ದೆಗೂ ಕರುಬಿದೆ. ಆದರೆ ನನ್ನ ಕಣ್ಣು ಕೆಂಪಾದದ್ದು ಬೇರೆ ಒಂದಕ್ಕೆ. ನಡುಮನೆಯಲ್ಲಿ ಒಂದು ರೇಡಿಯೋ ಇತ್ತು, ಸಣ್ಣ ಕಪಾಟಿನಷ್ಟು ದೊಡ್ಡದು. ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಹೂದಾನಿ, ಹೂದಾನಿಯಲ್ಲಿ ಕಾಗದದ ಹೂವು!

"ಇದು ಹತ್ತತೈತೇನ್ರಿ?" ಅಂತ ಕೇಳಿದೆ.

"ಹತ್ತದೆ ಏನು? ಭಾನುವಾರ ಹಾಡು ಕೇಳ್ತೇವೆ" ಅಂದರು ರಾಮನಾಥರು.

"ಮುಂಬೈ ಸಿಗತೈತೇನು?"

"ಸಿಗಬಹುದು. ಮುಂಬೈಯಲ್ಲಿ ಏನಿದೆ?"

ಏನಿದೆ! ಎರಡು ದಿನದ ಹಳೆಯ ಪತ್ರಿಕೆಗಾಗಿ ಬಸ್ಸಿನ ಧೂಳು ಕಾಣಿಸಿದರೆ ಸಾಕು ಎದ್ದು ಓಡುವ ನಮ್ಮಂಥವರ ಮುಂದೆ ಈ ಮನುಷ್ಯ ಹೂದಾನಿ ಇಡಲು ರೇಡಿಯೋ ಇಟ್ಟುಕೊಂಡಿದ್ದಾನೆ. ನಾನು ಟೆಸ್ಟಿನ ವಿಷಯ ಹೇಳಿದೆ. ಅವರು ಕಾಲ್ಚೆಂಡಿನ ಭಕ್ತರು. ಕೊಂಕಣಿ ಬೆರೆತ ನಿಧಾನದ ಕನ್ನಡದಲ್ಲಿ, "ಐದು ದಿನ ಆಡಿ, ಕಡೆಗೆ ಯಾರೂ ಗೆಲ್ಲುವುದಿಲ್ಲವೇ? ಹಾಗಾದರೆ ಮೊದಲ ದಿನವೇ ಮನೆಗೆ ಹೋಗಬಹುದಲ್ಲ" ಅಂದರು. ಮನೆಗೆ ಬಂದ ನೆಂಟ ಅಂತ ಮರ್ಯಾದೆಯಿಂದಲೇ ಅಂದರು. ನಾನೂ ಮರ್ಯಾದೆಯಿಂದ ಸುಮ್ಮನಾದೆ.

ಮುಂಜಿಯ ದಿನ

ಬೆಳಿಗ್ಗೆ ಮುಂಜಿ ಸುಸೂತ್ರವಾಗಿ ಆಯಿತು. ಭಿಕ್ಷೆ ಹಾಕುವಾಗ ನನ್ನ ಮನಸ್ಸು ಎಲ್ಲಿತ್ತು ಅಂತ ಶಾಂತಾಳಿಗೆ ಗೊತ್ತಿತ್ತು. ಊಟವಾದ ಮೇಲೆ ಬಂದ ನೆಂಟರೆಲ್ಲ ಚಾಪೆ ಹಾಸಿ ಉರುಳಿದರು. ಮನೆಯ ತುಂಬ ಗೊರಕೆ. ನಾನು ಮೆಲ್ಲಗೆ ನಡುಮನೆಗೆ ಹೋಗಿ, ಹೂದಾನಿ ಕೆಳಗಿಟ್ಟು, ಗುಂಡಿ ತಿರುವಿದೆ. ಕುರ್ರ್, ಕಿಂಯ್, ಯಾವುದೋ ಪಾದ್ರಿಯ ಪ್ರವಚನ, ಮತ್ತೆ ಕುರ್ರ್. ಆಮೇಲೆ ಇದ್ದಕ್ಕಿದ್ದಂತೆ ಜೇನುಗೂಡಿಗೆ ಕಲ್ಲು ಬಿದ್ದಂಥ ಸದ್ದು. ಅದು ಜನ! ಮುಂಬೈಯ ಮೈದಾನದ ಜನ, ಈಗ, ಇದೇ ಗಳಿಗೆಯಲ್ಲಿ! ಎರಡು ದಿನದ ಹಿಂದಿನದಲ್ಲ. ನನ್ನ ಮೈಮೇಲೆ ಮುಳ್ಳು ಎದ್ದವು.

ನಮ್ಮವರು ಬೆನ್ನು ಹತ್ತಿದ್ದರು. ಗೆಲ್ಲಲು ರನ್ನು ಬಹಳ ಬೇಕು, ಹೊತ್ತು ಕಡಿಮೆ. ಮಲಗಿದವರು ಏಳಬಾರದು ಅಂತ ಸದ್ದು ಸಣ್ಣ ಮಾಡಿ, ರೇಡಿಯೋಕ್ಕೆ ಕಿವಿ ಅಂಟಿಸಿ ಕೂತೆ. ಆಗ ಜಗಲಿಯಿಂದ ಒಬ್ಬ ಮುದುಕರು ಒಳಗೆ ಇಣುಕಿದರು. ಪಕ್ಕದ ಮನೆಯ ಪೆದ್ರು. ಹಡಗಿನಲ್ಲಿ ಅಡಿಗೆ ಮಾಡಿ, ಮುಂಬೈಯಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ಆಡಿದ್ದು ಕೊಂಕಣಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕ್ರಿಕೆಟ್ಟಾ? ಈ ಬೀದಿಯಲ್ಲಾ?" ಅಂದವರೇ ಚಪ್ಪಲಿ ಬಿಟ್ಟು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. "ಊರಿಗೆ ಬಂದ ಮೇಲೆ ಇದರ ಮಾತಾಡಲು ನನಗೆ ಒಬ್ಬ ಮನುಷ್ಯ ಸಿಕ್ಕಿಲ್ಲ, ಗೊತ್ತೇ?"

ಅವರ ಕೈ ಹಿಡಿದುಕೊಂಡೆ. ಹೆಸರು ಕೇಳಿ ಇನ್ನೂ ಎರಡು ಮಾತು ಆಗಿರಲಿಲ್ಲ.

ಹೊತ್ತು ಇಳಿಯುತ್ತ ಬಂತು, ರನ್ನು ಹತ್ತಿರ ಬರುತ್ತ ಬಂತು. ಗೆಲ್ಲುತ್ತಾರೆ ಅನ್ನಿಸತೊಡಗಿತು. ನಾನು ರೇಡಿಯೋದ ಕಸೂತಿ ಬಟ್ಟೆಯಿಂದ ಬೆವರು ಒರೆಸಿಕೊಂಡೆ. ಒಬ್ಬ ಔಟಾದ. ಇನ್ನೊಬ್ಬ ಬಂದ. ಪೆದ್ರು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು, ನಾನು ಹಣಮಪ್ಪನನ್ನು ನೆನೆದೆ. ಹಳಿಯಾಳದಲ್ಲಿ ಇವೊತ್ತು ಅವರಿಗೆ ಗೊತ್ತಿರುವುದು ಮೂರನೆಯ ದಿನದ ಆಟ ಅಷ್ಟೇ. ಇದನ್ನು ಕೇಳುತ್ತಿರುವವನು ನಾನು! ಗೌಸ್‌ಸಾಹೇಬರು ನೋಡಿದ್ದು ಡ್ರಾ ಆದ ಒಂದು ಸಪ್ಪೆ ಆಟ. ನನಗೆ ಸಿಕ್ಕಿದ್ದು ಇದು. ಆ ಸಂತೋಷದಲ್ಲಿ ದೇವರನ್ನು ಮರೆತೇ ಬಿಟ್ಟೆ.

ಕಡೆಯ ಓವರು ಅಂತ ಇಂಗ್ಲಿಷಿನಲ್ಲಿ ಹೇಳಿದ್ದು ಕೇಳಿಸಿತು. ಅದೇ ಗಳಿಗೆಗೆ ಮನೆ ಎದ್ದಿತು. ಬೀದಿಯಲ್ಲಿ ಪಾವಿನವನ ಭೋಂಪು. ಒಳಗಿನಿಂದ ಶಾಂತಾಳ ಅಕ್ಕ ಆರತಿ ತಟ್ಟೆ ಹಿಡಿದು ಬಂದಳು, ಹಿಂದೆಯೇ ಹೆಂಗಸರ ಹಾಡು. ಸಂಜೆಯ ಆರತಿ ನಡುಮನೆಯಲ್ಲೇ ಆಗಬೇಕಂತೆ. ನಾನು ಗುಂಡಿ ತಿರುವಿ ಸದ್ದು ದೊಡ್ಡ ಮಾಡಿದೆ. ಹೆಂಗಸರು ಅದಕ್ಕಿಂತ ದೊಡ್ಡದಾಗಿ ಹಾಡಿದರು. ಅತ್ತ ಮೈದಾನದ ಜನ ಬೊಬ್ಬೆ ಹಾಕುತ್ತಿದ್ದರು, ಇತ್ತ ಇವರು ಶೋಭಾನೆ. ನಡುವೆ ಹೇಳುವವನ ದನಿ ನೀರಿನಲ್ಲಿ ಮುಳುಗಿದವನ ಹಾಗೆ ಎದ್ದು ಎದ್ದು ಹೋಗುತ್ತಿತ್ತು. ಆರು ಅಂದ. ಆರು ರನ್ನು ಬೇಕು. ಆಮೇಲೆ ಬೊಬ್ಬೆ. ಬೊಬ್ಬೆ. ಮುಗಿಯಿತು ಅಂದ.

"ಏನಾತು? ಯಾರು ಗೆದ್ರು?" ಅಂತ ಪೆದ್ರು ಅವರ ಭುಜ ಹಿಡಿದು ಅಲ್ಲಾಡಿಸಿದೆ.

ಪೆದ್ರು ರೇಡಿಯೋದ ಬಾಯಿಗೆ ಕಿವಿ ಕೊಟ್ಟೇ ಇದ್ದರು. ತಿರುಗಿದಾಗ ಅವರ ಮುಖ ಬಿಳುಚಿತ್ತು. "ಯಾರೂ ಇಲ್ಲ. ಆರು ರನ್ನು ಕಡಿಮೆ. ಎಲ್ಲರೂ ಔಟಾಗಿಲ್ಲ. ಓವರಿನಲ್ಲಿ ಇನ್ನೂ ಚೆಂಡು ಉಳಿದಿತ್ತಂತೆ. ಹೊತ್ತಾಯಿತು ಅಂತ ಅಂಪೈರ್ ಆಟ ಮುಗಿಸಿದರಂತೆ."

ರಾಮನಾಥರು ಬಾಗಿಲಲ್ಲಿ ನಿಂತಿದ್ದರು. "ನಾನು ಹೇಳಲಿಲ್ಲವೇ?" ಅಂದರು. ಆ ಕ್ಷಣ ಅವರು ನನ್ನ ಷಡ್ಡಕ ಅನ್ನುವುದೊಂದೇ ಅವರನ್ನು ಉಳಿಸಿದ್ದು.

ಮರಳಿ ಹಳಿಯಾಳ

ಮರುದಿನ ಬೆಳಿಗ್ಗೆಯ ರೈಲಿಗೆ ಹೊರಟೆವು. ಸೋತ ದುಃಖಕ್ಕಿಂತ ಇದು ಕೆಟ್ಟ ದುಃಖ, ಆರು ರನ್ನು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿದ್ದವು. ಆದರೆ ಘಟ್ಟ ಹತ್ತುತ್ತ ಹತ್ತುತ್ತ ಇನ್ನೊಂದು ವಿಚಾರ ಮೇಲೆದ್ದಿತು. ಇವೊತ್ತು ಸಂಜೆ ಫಕ್ಕೀರಪ್ಪನ ಅಂಗಡಿಯಲ್ಲಿ ನಾಲ್ಕನೆಯ ದಿನದ ಆಟ ನಡೆಯುತ್ತಿರುತ್ತದೆ. ಐದನೆಯ ದಿನ ನನ್ನ ಹೊಟ್ಟೆಯಲ್ಲಿದೆ. ಇಡೀ ತಾಲೂಕಿನಲ್ಲಿ ನನ್ನೊಬ್ಬನ ಹೊಟ್ಟೆಯಲ್ಲಿ! ಹೇಗೆ ಹೇಳಬೇಕು, ಮೊದಲ ಮಾತು ಏನು, ಎಲ್ಲಿ ನಿಲ್ಲಿಸಬೇಕು ಅಂತ ಮನಸ್ಸಿನಲ್ಲೇ ಸಾಣೆ ಹಿಡಿದೆ. ಜಲಪಾತ ಈ ಸಲ ಇನ್ನೊಂದು ಬದಿಗೆ ಬಂತು. ಈ ಸಲವೂ ನೋಡಲಿಲ್ಲ.

"ಕಟ್ಟು ಮಾಡಿದವ್ರು ನೀವ. ನೀವ ಮುರೀಬ್ಯಾಡ್ರಿ" ಅಂದಳು ಶಾಂತಾ. ನಾನು ಬಾಯಿಯನ್ನೇ ತೆರೆದಿರಲಿಲ್ಲ. ಇವಳಿಗೆ ಹೇಗೆ ಗೊತ್ತಾಗುತ್ತದೋ!

ಅಳ್ನಾವರದಲ್ಲಿ ಹತ್ತಿದ ಬಸ್ಸು ಹಳಿಯಾಳದಲ್ಲಿ ನಿಂತಾಗ ಸಂಜೆಯಾಗಿತ್ತು. ನಮ್ಮ ಬಸ್ಸಿನಲ್ಲೇ ಬಂದ ಪತ್ರಿಕೆಯ ಕಟ್ಟನ್ನು ಯಾರೋ ನನಗಿಂತ ಮೊದಲೇ ಎತ್ತಿಕೊಂಡು ಓಡಿದರು. ಶಾಂತಾಳನ್ನು ಮನೆಗೆ ಕಳಿಸಿ, ನಾನು ಟ್ರಂಕು ಹೊತ್ತುಕೊಂಡೇ ಅಂಗಡಿಯತ್ತ ನಡೆದೆ. ಬಾಗಿಲವರೆಗೆ ಜನ. ನನ್ನ ಕುರ್ಚಿ ಹೊರಗೆ ಇಟ್ಟಿದ್ದರು, ಆಟಕ್ಕೆ ಅಡ್ಡ ಆಗುತ್ತದೆ ಅಂತ! ಒಳಗೆ ಗೌಸ್‌ಸಾಹೇಬರು ಕೋಲು ಹಿಡಿದು ಆಡುತ್ತಿದ್ದರು. ಪತ್ರಿಕೆಯಲ್ಲಿ ಒಂದು ಅಂಕಿ ನೋಡುವುದು, ಕಣ್ಣು ಮುಚ್ಚುವುದು, ಹೊಡೆಯುವುದು. ಜನ ಎದ್ದು ನಿಂತು ಕೂಗುತ್ತಿದ್ದರು. ಮುಂಡಗೋಡದ ಬಸವಣ್ಣೆಪ್ಪನವರು, ಭತ್ತ ಮಾರಲು ಬಂದು ಆಟ ಮುಗಿಯುವವರೆಗೆ ಮಗಳ ಮನೆಯಲ್ಲೇ ಠಿಕಾಣಿ ಹೂಡಿದ್ದ ಹಿರಿಯರು, ಬೆಂಚಿನ ಮೇಲೆ ಹತ್ತಿ ರುಮಾಲು ಬೀಸುತ್ತಿದ್ದರು. ನನ್ನ ಓದಿಗೆ ಅವರು ಒಂದು ದಿನವೂ ಬೆಂಚು ಹತ್ತಿರಲಿಲ್ಲ.

"ನಾಳೆ ಗೆದ್ವಿ ತಿಳಿರಿ!" ಅಂತ ಗೌಸ್‌ಸಾಹೇಬರು ಕೋಲು ಎತ್ತಿದರು.

"ಗೆಲ್ಲೂದಿಲ್ಲ" ಅಂದೆ.

ಎಲ್ಲ ತಲೆಗಳೂ ತಿರುಗಿದವು. ಸಾಣೆ ಹಿಡಿದಿಟ್ಟ ಮಾತು ಒಂದೂ ಬಾಯಿಗೆ ಬರಲಿಲ್ಲ, ಒಂದೇ ಉಸಿರಿಗೆ ಎಲ್ಲ ಕಕ್ಕಿದೆ. "ಆರು ರನ್ನು ಕಡಿಮಿ ಬೀಳತಾವ. ವಿಕೆಟ್ ಉಳದಿರತಾವ. ಓವರಿನ್ಯಾಗ ಚೆಂಡೂ ಉಳದಿರತೈತಿ. ಅಂಪೈರ್ ಆಟ ಮುಗಿಸಿಬಿಡ್ತಾನ. ಡ್ರಾ. ನಾನ ರೇಡಿಯೋದಾಗ ಕೇಳೇನಿ."

ಆಮೇಲೆ ಬಸವಣ್ಣೆಪ್ಪನವರು ಬೆಂಚಿನ ಮೇಲಿಂದಲೇ ನಕ್ಕರು. "ರಾಯರ, ಹೊಟ್ಟಿಕಿಚ್ಚು ಯಾರಿಗೆ ಇರೂದಿಲ್ರಿ? ಆದ್ರ ಸುಳ್ಳು ಹೇಳೂದಾದ್ರ ನಂಬೂವಂಥಾದ್ದು ಹೇಳಬೇಕು. ಚೆಂಡು ಉಳದಿರುವಾಗ ಯಾರರ ಆಟ ಬಿಟ್ಟು ಮನೀಗೆ ಹೋಗ್ತಾರೇನು?"

ಅಂಗಡಿ ಸಿಡಿದು ನಕ್ಕಿತು. ಆಣೆ ಮಾಡಿದೆ. ಇನ್ನೂ ನಕ್ಕರು. ಕಟ್ಟು ಮುರಿದದ್ದಕ್ಕೆ ಒಂದು ಸುತ್ತು, ಸುಳ್ಳು ಹೇಳಿದ್ದಕ್ಕೆ ಇನ್ನೊಂದು ಸುತ್ತು ಚಹಾ ಅಂತ ತೀರ್ಪಾಯಿತು. ಗೌಸ್‌ಸಾಹೇಬರೊಬ್ಬರು ನಗಲಿಲ್ಲ. "ಪ್ರಯಾಣ ಮಾಡಿ ದಣದಾರ, ಕೂಡಸ್ರಿ" ಅಂತ ಹೊರಗಿನ ಕುರ್ಚಿಯನ್ನು ತಾವೇ ತಂದು ಹಾಕಿದರು. ಅವರ ಆ ಒಳ್ಳೆಯತನ ಮೈಗೆ ಬೆಂಕಿ ಹಚ್ಚಿದ ಹಾಗಾಯಿತು. ಕೂಡದೆ ಮನೆಗೆ ಹೋದೆ.

ಮರುದಿನ ಸಂಜೆ ಹೋಗಬಾರದು ಅಂದುಕೊಂಡೆ. ಕಾಲು ಕೇಳಬೇಕಲ್ಲ! ಅಂಗಡಿಯ ಹೊರಗೆ, ಕಟ್ಟಿಗೆ ರಾಶಿಯ ಹತ್ತಿರ ನಿಂತೆ. ಪತ್ರಿಕೆ ಬಂತು. ಗೌಸ್‌ಸಾಹೇಬರು ಬಿಡಿಸಿದರು. ಕಡೆಯ ಅಂಕಿ ಮೊದಲು ನೋಡಬಾರದು ಅಂತ ಅವರು ಯಾವಾಗಲೂ ಅದನ್ನು ಬೆರಳಿನಿಂದ ಮುಚ್ಚಿಕೊಳ್ಳುತ್ತಿದ್ದರು. ಆವತ್ತು ಬೆರಳು ತೆಗೆದರು. ಬಹಳ ಹೊತ್ತು ನೋಡಿದರು. ಜನ "ಆಡ್ರಿ ಸಾಹೇಬ್ರ, ಆಡ್ರಿ" ಅಂತ ಕೂಗುತ್ತಿದ್ದರು. ಅವರು ತಲೆ ಎತ್ತಿ ಆ ಗದ್ದಲದಲ್ಲಿ ನನ್ನನ್ನು ಹುಡುಕಿದರು.

"ರಾಯರ ಹೇಳಿದ್ದು ಖರೆ ಐತಿ" ಅಂದರು. "ಆರು ರನ್ನು."

ಬಸವಣ್ಣೆಪ್ಪನವರು ಬೆಂಚಿನಿಂದ ಇಳಿದು ಕೂತರು. ಯಾರೋ ಪತ್ರಿಕೆ ಕಸಿದುಕೊಂಡು ತಿರುಗಿಸಿ ನೋಡಿದರು. ಅಂಪೈರನನ್ನು ಬೈದರು, ಗಡಿಯಾರವನ್ನು ಬೈದರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ದಾರಿ ಬಿಟ್ಟರು.

"ನನಗ ಇದು ಆಡಿ ತೋರಸಾಕ ಬರೂದಿಲ್ಲ" ಅಂದರು ಗೌಸ್‌ಸಾಹೇಬರು. "ಇಂಥ ಓವರು ನಾ ಕಂಡಿಲ್ಲ. ನೀವು ಬರ್ರಿ. ಹೆಂಗಾತು ಹೇಳ್ರಿ."

ಹೆಂಗಾತು! ನನಗೇನು ಗೊತ್ತು? ನನ್ನ ಕಿವಿಯಲ್ಲಿ ಇದ್ದದ್ದು ಭೋಂಪು, ಶೋಭಾನೆ, ಬೊಬ್ಬೆ. ಒಳಗೆ ಹೋಗಿ ನಿಂತೆ. ಎಲ್ಲರ ಕಣ್ಣು ನನ್ನ ಮೇಲೆ. ಒಲೆಯ ಹತ್ತಿರ ಬಿದ್ದಿದ್ದ ಕಟ್ಟಿಗೆ ಸೀಳು ಕೈಗೆ ತೆಗೆದುಕೊಂಡೆ. "ಮೊದಲ್ನೇ ಚೆಂಡು" ಅಂದೆ. ಕಾಲು ಮುಂದಿಟ್ಟೆ. ಮೊಣಕೈ ತಾನಾಗಿಯೇ ಮೇಲೆ ಹೋಯಿತು. ಸುಂಯ್ ಅಂತ ಒಂದು ಹೊಡೆದೆ, ಯಾರೂ ಹೊಡೆಯದ ಹೊಡೆತ. ಇನ್ನೊಂದನ್ನು ತಡೆದೆ. ಒಂದಕ್ಕೆ ಓಡಿದೆ, ನಡುವೆ ಎಡವಿದೆ, ಎದ್ದೆ. ಮೈದಾನದ ಜನ ಹೇಗೆ ಎದ್ದು ನಿಂತರು, ಸಂಜೆಯ ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಎಲ್ಲ ಹೇಳಿದೆ. ಕಡೆಗೆ ಅಂಪೈರನಾಗಿ ಕೈ ಚಾಚಿ ವಿಕೆಟ್ಟಿನ ಕೋಲು ಕಿತ್ತೆ. ಬಸವಣ್ಣೆಪ್ಪನವರು ರುಮಾಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಗೌಸ್‌ಸಾಹೇಬರು ಮೂಲೆಯಲ್ಲಿ ನಿಂತಿದ್ದರು. ಹತ್ತಿರ ಬಂದು, ನನಗೊಬ್ಬನಿಗೆ ಕೇಳುವ ಹಾಗೆ ಮೆಲ್ಲಗೆ ಹೇಳಿದರು. ದನಿಯಲ್ಲಿ ಎಂಥ ಕರುಬು ಇತ್ತೆಂದರೆ, ಅದನ್ನು ಗುರುತು ಹಿಡಿಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ನಾ ಮುಂಬೈತನಕ ಹೋಗಿ ಬರೀ ಆಟ ನೋಡಿ ಬಂದೆ. ನೋಡಬೇಕಾದ ಆಟ ನೋಡಿದವ್ರು ನೀವು ರಾಯರ."

ನಾನು ನೋಡಿರಲಿಲ್ಲ. ಸರಿಯಾಗಿ ಕೇಳಿಯೂ ಇರಲಿಲ್ಲ. ಯಾರ ಬಾಯಲ್ಲಿ ಒಂದು ಶಬ್ದ ತಪ್ಪಿದರೂ ಅಲ್ಲೇ ತಿದ್ದುವ ನಾನು, ಅವರ ಆ ಮಾತನ್ನು ತಿದ್ದಲಿಲ್ಲ.